ಕೈಗೆ ಕೋಳ, ನಾಲಿಗೆಗೆ ಬೀಗವಿಲ್ಲ

ಮಳೆಗಾಲದ ಒಂದು ಭಾನುವಾರ. ಮುಂಬೈ ಹತ್ತಿರದ ಡೊಂಬಿವ್ಲಿಯ ನಮ್ಮ ಮನೆಯ ಟಿವಿಯಲ್ಲಿ 1977ರ ಬಾಹ್ಯಾಕಾಶ ಸಿನಿಮಾ, ಮೊದಲ ‘ಸ್ಟಾರ್ ವಾರ್ಸ್’ ಬರುತ್ತಿತ್ತು. ದೊಡ್ಡಮ್ಮ ಬಸಳೆ ದಂಟಿನಿಂದ ಎಲೆ ಬಿಡಿಸುತ್ತಾ ಕೂತಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ಸೆರೆಸಿಕ್ಕ ರಾಜಕುಮಾರಿ ಲಿಯಾಳನ್ನು ಟಾರ್ಕಿನ್ ಎಂಬ ಅಧಿಕಾರಿಯ ಮುಂದೆ ನಿಲ್ಲಿಸಿದರು. ಹಡಗು ಹತ್ತಿದಾಗಲೇ ನಿನ್ನ ನಾತ ಗೊತ್ತಾಯಿತು ಅಂತ ಮುಖಕ್ಕೇ ಹೇಳಿದಳು ಅವಳು. ನಾನು ಅರ್ಥ ಹೇಳಿದೆ.

“ಅಲ್ಲ ಮಾರಾಯಾ, ಇವಳಿಗೆ ಹೆದರಿಕೆಯೇ ಇಲ್ವಾ!” ಅಂದರು ದೊಡ್ಡಮ್ಮ.

ಇಂಥ ವೈಜ್ಞಾನಿಕ ಕಲ್ಪನೆಯ ಚಿತ್ರಗಳಲ್ಲಿ ಹಿಂದೆ ಹೆದರುವುದೇ ನಾಯಕಿಯ ಕೆಲಸವಾಗಿತ್ತು. 1927ರ ‘ಮೆಟ್ರೊಪೊಲಿಸ್’ನಲ್ಲಿ ಕಾರ್ಮಿಕರು ಮರಿಯಾಳ ಮಾತು ಕೇಳುತ್ತಾರೆ. ಹಾಗಾಗಿ ವಿಜ್ಞಾನಿ ಅವಳನ್ನು ಹಿಡಿದುಹಾಕಿ, ಅವಳ ಮುಖವನ್ನೇ ಯಂತ್ರಕ್ಕೆ ಕೊಡುತ್ತಾನೆ. 1936ರ ‘ಫ್ಲಾಷ್ ಗಾರ್ಡನ್’ನಲ್ಲಿ ಮಿಂಗ್ ಚಕ್ರವರ್ತಿ ಡೇಲ್‌ಳನ್ನು ಬಲವಂತವಾಗಿ ಮದುವೆಯಾಗಲು ಹೊರಡುತ್ತಾನೆ. ಬಿಡಿಸಲು ನಾಯಕನೇ ಬರಬೇಕು.

ಲಿಯಾ ಇದನ್ನು ತಲೆಕೆಳಗು ಮಾಡಿದಳು. ಚಿತ್ರೀಕರಣ ಶುರುವಾದಾಗ ಲಿಯಾ ಆಗಿ ನಟಿಸಿದ ಕ್ಯಾರಿ ಫಿಷರ್‌ಗೆ 19 ವರ್ಷ. ಎದುರಿಗೆ ಟಾರ್ಕಿನ್ ಆಗಿ ಪೀಟರ್ ಕುಶಿಂಗ್. (ಬೂಟು ಬಿಗಿಯಾಯಿತು ಅಂತ ಕುಶಿಂಗ್ ಮನೆಯ ಚಪ್ಪಲಿಯಲ್ಲೇ ನಟಿಸಿದ್ದರು. ಅದಕ್ಕೇ ಹೆಚ್ಚಿನ ಕಡೆ ಕಾಲು ಕಾಣುವುದಿಲ್ಲ.) ಮುಷ್ಟಿ ಬಿಗಿ ಮಾಡಿದಷ್ಟೂ ಲೋಕಗಳು ಬೆರಳಸಂದಿಯಲ್ಲಿ ಜಾರುತ್ತವೆ ಅನ್ನುತ್ತಾಳೆ ಲಿಯಾ. ಬಂಡುಕೋರರ ಅಡಗುತಾಣ ಹೇಳು, ಇಲ್ಲದಿದ್ದರೆ ನಿನ್ನ ಗ್ರಹವನ್ನೇ ಸುಡುತ್ತೇನೆ ಅನ್ನುತ್ತಾನೆ ಟಾರ್ಕಿನ್. ಅವಳು ತಲೆ ತಗ್ಗಿಸಿ ಒಂದು ಹೆಸರು ಹೇಳುತ್ತಾಳೆ. ಸುಳ್ಳು! ಆದರೂ ಅವನು ಗ್ರಹವನ್ನು ಸುಟ್ಟೇ ಬಿಡುತ್ತಾನೆ. ಮಾತಿನಿಂದ ಊರು ಉಳಿಯಲಿಲ್ಲ, ಗುಟ್ಟು ಉಳಿಯಿತು. ನನಗೆ ಈ ದೃಶ್ಯ ಇಷ್ಟವಾಗುವುದು ಅದಕ್ಕೇ.

ದೊಡ್ಡಮ್ಮನಿಗೆ ಇದು ಹೊಸದೇನಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬೈಗೆ ಬಂದರೆ ಅವರು ತಪ್ಪಿಸುವುದಿಲ್ಲ. ಅಶೋಕವನದಲ್ಲಿ ಸೀತೆ ನಡುವೆ ಒಂದು ಹುಲ್ಲುಕಡ್ಡಿ ಇಟ್ಟು ರಾವಣನ ಜೊತೆ ಮಾತಾಡುತ್ತಾಳಲ್ವಾ? ವಾಲ್ಮೀಕಿಯ ಸೀತೆಯೂ ವಾಸನೆಯ ಮಾತೇ ಆಡುತ್ತಾಳೆ: ರಾಮಲಕ್ಷ್ಮಣರ ವಾಸನೆ ಬಡಿದರೆ ಹುಲಿಗಳ ಮುಂದಿನ ನಾಯಿಯ ಹಾಗೆ ನಿಲ್ಲಲಾರೆ ನೀನು ಅಂತ.

ಲಿಯಾ ಆದಮೇಲೆ ಮಾತಿಗಿಂತ ಕೈಯೇ ಜಾಸ್ತಿಯಾಯಿತು. 1979ರ ‘ಏಲಿಯನ್’ನ ನಾಯಕಿ ರಿಪ್ಲಿಗೆ ಎದುರಾಗಿದ್ದು ಮಾತೇ ಬಾರದ ಪ್ರಾಣಿ. ಸಿಬ್ಬಂದಿ ಸತ್ತರೂ ಪರವಾಗಿಲ್ಲ ಅಂದ ಅವಳ ಕಂಪನಿ ಎದುರಿಗೇ ಬರಲಿಲ್ಲ. 1984ರ ‘ಟರ್ಮಿನೇಟರ್’ನಲ್ಲಿ ಸಾರಾ ಕಾನರ್ ಕೊಲೆಗಾರ ಯಂತ್ರವನ್ನು ಕಾರ್ಖಾನೆಯ ಪ್ರೆಸ್ಸಿನಲ್ಲಿ ಅಪ್ಪಚ್ಚಿ ಮಾಡಿದಳು.

ನಮ್ಮ ಮುಂಬೈಯ ಸಿನಿಮಾದವರು? 1987ರ ‘ಮಿಸ್ಟರ್ ಇಂಡಿಯಾ’ದಲ್ಲಿ ಶ್ರೀದೇವಿ ಪತ್ರಕರ್ತೆ, ಬಾಯಿ ಜೋರು. ಆದರೆ ಮಾಯವಾಗುವ ಯಂತ್ರ ಮಾತ್ರ ನಾಯಕನ ಕೈಗೆ. ಅದರ ಖಳನಾಯಕ ಮೊಗ್ಯಾಂಬೊ ಆದದ್ದು ಅಮರೀಶ್ ಪುರಿ, ಅದಕ್ಕೂ ಮೊದಲೇ 1973ರಲ್ಲಿ ನಮ್ಮ ಕನ್ನಡದ ‘ಕಾಡು’ ಚಿತ್ರದಲ್ಲಿ ನಟಿಸಿದ್ದವರು.

ಆವತ್ತು ಸಿನಿಮಾ ಮುಗಿದ ಮೇಲೆ ದೊಡ್ಡಮ್ಮ ಕೇಳಿದರು: “ಆ ಹುಡುಗಿ ಹೇಳಿದ್ದು ಸುಳ್ಳು ಅಂದೆಯಲ್ಲ, ಅವನಿಗೆ ಆಮೇಲಾದರೂ ಗೊತ್ತಾಯಿತಾ?”

“ಆಯಿತು ದೊಡ್ಡಮ್ಮ. ಕೊಲ್ಲಿಸಿ ಅಂದ.”

“ಹ್ಞಾಂ, ಉರಿದಿರಬೇಕು,” ಎಂದು ಬಸಳೆ ಎತ್ತಿಕೊಂಡು ಒಳಗೆ ಹೋದರು.