ಓಲೈಕೆ ಯಾರದು, ಭಟ್ಟಂಗಿತನ ಯಾರದು?

ಕರಡು ತಿದ್ದುವವರ ಮೇಜಿಗೆ ಪದೇ ಪದೇ ಬರುವ ವಾಕ್ಯ ಇದು: ‘ಮುಖ್ಯಮಂತ್ರಿಯವರ ಓಲೈಕೆ ರಾಜಕಾರಣದಿಂದ ಪಕ್ಷಕ್ಕೆ ಹಾನಿ.’ ಬರೆದವರ ತಲೆಯಲ್ಲಿದ್ದದ್ದು ಮಂತ್ರಿಗಿರಿಗಾಗಿ ಮುಖ್ಯಮಂತ್ರಿಯ ಹಿಂದೆ ಸುತ್ತುವ ಶಾಸಕರು. ಓದುಗನಿಗೆ ಕಾಣುವುದು ಯಾವುದೋ ಸಮುದಾಯವನ್ನು ಮೆಚ್ಚಿಸಲು ಹೊರಟ ಮುಖ್ಯಮಂತ್ರಿ. ಕಳ್ಳನೇ ಬೇರೆ, ಸಿಕ್ಕಿಬಿದ್ದವನೇ ಬೇರೆ!

ಓಲೈಸು ಹಳೆಯ ಪದ, ಓಲಗದ ನಂಟಿನದು. ಅರಸನ ಮುಂದೆ ಸೇವೆಗೆ ನಿಲ್ಲುವುದಕ್ಕೆ ಆ ಮಾತು ಸಲ್ಲುತ್ತಿತ್ತು. ಅದರಲ್ಲಿ ನಿಂದೆ ಇರಲಿಲ್ಲ. ಇವತ್ತಿನ ರಾಜಕೀಯ ಬರಹದಲ್ಲಿ ಅದರ ದಿಕ್ಕು ತಿರುಗಿದೆ. ಮತದಾರರ ಓಲೈಕೆ, ಅತೃಪ್ತರ ಓಲೈಕೆ ಎನ್ನುವಾಗ ಮೆಚ್ಚಿಸುತ್ತಿರುವವನ ಕೈಯಲ್ಲೇ ಏನಾದರೂ ಕೊಡುವ ಅಧಿಕಾರ ಇರುತ್ತದೆ. ಭಟ್ಟಂಗಿತನದಲ್ಲಿ ಹಾಗಲ್ಲ. ಅಲ್ಲಿ ಕೈಚಾಚಿದವನೇ ಹೊಗಳುತ್ತಾನೆ. ಅನುಮಾನ ಬಂದಾಗಲೆಲ್ಲ ಕೇಳಿಕೊಳ್ಳಿ: ಕೊಡುವವನು ಯಾರು, ಬೇಡುವವನು ಯಾರು? ಕೊಡುವವನು ಮೆಚ್ಚಿಸಲು ಹೊರಟರೆ ಓಲೈಕೆ, ಬೇಡುವವನು ಹಲ್ಲುಗಿಂಜಿದರೆ ಭಟ್ಟಂಗಿತನ. ಎಲ್ಲ ಕಡೆ ಇದು ಗೆರೆ ಕೊರೆದಂತೆ ಕೂರುತ್ತದೆ ಎನ್ನಲಾರೆ. ಹಳೆಯ ಅರ್ಥದಲ್ಲಿ ಬಳಸುವವರೂ ಇದ್ದಾರೆ. ಆದರೆ ತಲೆಬರಹದಲ್ಲಿ ಈ ಅಪಾಯ ಬೇಡ. ಮೇಲಿನದನ್ನು ‘ಶಾಸಕರ ಭಟ್ಟಂಗಿತನದಿಂದ ಪಕ್ಷಕ್ಕೆ ಹಾನಿ’ ಎಂದರೆ ಮುಗಿಯಿತು.

ವಿಭಕ್ತಿಯೂ ಗುಟ್ಟು ಬಿಟ್ಟುಕೊಡುತ್ತದೆ. ಓಲೈಸುವುದು ‘ಅವರನ್ನು’. ಬೆಣ್ಣೆ ಹಚ್ಚುವುದು, ಬಕೆಟ್ ಹಿಡಿಯುವುದು ‘ಅವರಿಗೆ’. ಚಮಚಾ ಆಗುವುದು ‘ಅವರ’. ‘ಸಾಹೇಬರನ್ನು ಬಕೆಟ್ ಹಿಡಿದರು’ ಎಂದು ಬಾಯಲ್ಲಿ ಯಾರೂ ಅನ್ನುವುದಿಲ್ಲ, ಅನುವಾದದಲ್ಲಿ ಮಾತ್ರ ನುಸುಳುತ್ತದೆ. ಚಮಚಾದ ಕೊನೆಯ ದೀರ್ಘವನ್ನು ನುಂಗಬೇಡಿ. ‘ಸಚಿವರ ಚಮಚಗಳು’ ಎಂದರೆ ಅಡುಗೆಮನೆಯ ಸಾಮಾನು.

ಚಮಚಾ ಹೊಗಳಲೇಬೇಕೆಂದಿಲ್ಲ. ಕಾರಿನ ಬಾಗಿಲು ತೆಗೆದು, ಚಾಡಿ ಹೇಳಿ, ಫೈಲು ಹೊತ್ತರೂ ಅವನು ಚಮಚಾನೇ. ಬಾಲಬಡುಕನಿಗಂತೂ ಮಾತೇ ಬೇಡ. ಹೊಗಳುಭಟ್ಟನಿಗೆ ಮಾತೇ ಬಂಡವಾಳ. ಬೆಣ್ಣೆ ಹಚ್ಚುವುದು ಆ ಹೊತ್ತಿನ ಕೆಲಸ. ಅಮ್ಮ ಮಗನಿಗೂ ಹಚ್ಚಬಹುದು. ಚಮಚಾಗಿರಿ ಪೂರ್ಣಾವಧಿ ಉದ್ಯೋಗ. ಮುಖಸ್ತುತಿಗೆ ಎದುರಿಗೆ ಮುಖ ಇರಬೇಕು. ಆದರೂ ‘ಅವರ ಗೈರುಹಾಜರಿಯಲ್ಲಿ ಮುಖಸ್ತುತಿ’ ಅಚ್ಚಾಗುತ್ತಲೇ ಇರುತ್ತದೆ.

ಹೊಗಳುಭಟ್ಟ ಎಂಬುದು ಹುಟ್ಟಿನಿಂದ ಬೈಗುಳವಲ್ಲ ಎಂಬುದನ್ನೂ ಮರೆಯುತ್ತಾರೆ. ಅದೊಂದು ಕಾಯಕ. ಮೈಸೂರು ಅರಮನೆಯ ದಸರಾ ಖಾಸಗಿ ದರ್ಬಾರಿನಲ್ಲಿ ಈಗಲೂ ‘ಬಹುಪರಾಕ್’ ಕೂಗುವವರು ಹೊಗಳುಭಟ್ಟರೇ. ಅವರ ಬಗ್ಗೆ ಬರೆಯುವಾಗ ಆ ಪದಕ್ಕೆ ವ್ಯಂಗ್ಯದ ಉದ್ಧರಣ ಚಿಹ್ನೆ ಹಾಕುವುದು ಅವರಿಗೆ ಮಾಡುವ ಅವಮಾನ.

ಹೊನ್ನಶೂಲದ ಅವಸ್ಥೆ ಇನ್ನೂ ಕೆಟ್ಟದ್ದು. ‘ಅಭಿಮಾನಿಗಳು ಪ್ರೀತಿಯಿಂದ ಹೊನ್ನಶೂಲಕ್ಕೇರಿಸಿದರು’ ಎಂದು ಸನ್ಮಾನದ ವರದಿಯಲ್ಲಿ ಬರೆಯುತ್ತಾರೆ. ಬಸವಣ್ಣನವರು ತಮ್ಮವರ ಹೊಗಳಿಕೆಯನ್ನು ಹೊನ್ನಿನ ಶೂಲ ಎಂದದ್ದು ನೊಂದು. ಚಿನ್ನದ್ದಾದರೂ ಶೂಲ ಚುಚ್ಚುತ್ತದಲ್ಲ! ಏರಿದವನು ಸಾಯುತ್ತಾನೆ ಸ್ವಾಮಿ, ಹಾರ ಹಾಕಿಸಿಕೊಳ್ಳುವುದಿಲ್ಲ.

ಕೊನೆಗೆ, ವರದಿಗಾರರು ತಮ್ಮ ದನಿಯಲ್ಲಿ ಯಾರನ್ನೂ ಹೆಸರು ಹಿಡಿದು ಚಮಚಾ ಎನ್ನದಿರುವುದು ಕ್ಷೇಮ. 2022ರ ಜುಲೈನಲ್ಲಿ ಸುದ್ದಿಯಾದ ಲೋಕಸಭಾ ಸಚಿವಾಲಯದ ಅಸಂಸದೀಯ ಪದಗಳ ಪಟ್ಟಿಯಲ್ಲಿ ಚಮಚಾ, ಚಮಚಾಗಿರಿ ಎರಡೂ ಇದ್ದವು. ಯಾವ ಪದವನ್ನೂ ನಿಷೇಧಿಸಿಲ್ಲ ಎಂದು ಸ್ಪೀಕರ್ ಆಗಲೇ ಸ್ಪಷ್ಟಪಡಿಸಿದ್ದರು, ನಿಜ. ಆದರೆ ಸದನದೊಳಗಿನ ಮಾತಿಗಿರುವ ಕಾನೂನಿನ ರಕ್ಷಣೆ ನಿಮ್ಮ ವರದಿಗಿಲ್ಲ. ಭಾಷಣದಲ್ಲಿ ಯಾರಾದರೂ ಅಂದಿದ್ದರೆ ಅಂದವರ ಹೆಸರು ಹಾಕಿ, ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಅನ್ನಿಸಿಕೊಂಡವರಿಗೂ ಒಂದು ಫೋನ್ ಮಾಡಿ.