ಟಿ.ವಿ. ಚರ್ಚೆ ಮುಗಿದ ಮೇಲೆ ಮತದಾರ ಹೇಳುವ ಮೊದಲ ಮಾತು

2024ರ ಸೆಪ್ಟೆಂಬರ್ 10ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಮತ್ತು ಡೊನಾಲ್ಡ್ ಟ್ರಂಪ್ ಎದುರುಬದುರು ನಿಂತಾಗ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಆರೂವರೆ ಗಂಟೆ. ಚರ್ಚೆ ಸುಮಾರು ಒಂದೂಮುಕ್ಕಾಲು ಗಂಟೆ ನಡೆಯಿತು. ಅದು ಮುಗಿದ ಸ್ವಲ್ಪ ಹೊತ್ತಿಗೇ ಮೈಸೂರಿನಿಂದ ನನ್ನ ಅಣ್ಣ ಫೋನ್ ಮಾಡಿ, "ಯಾರಪ್ಪಾ ಗೆದ್ದಿದ್ದು?" ಎಂದು ಕೇಳಿದರು. ಮತದಾರರ ಅಭಿಪ್ರಾಯ ಸಂಗ್ರಹಿಸುವುದನ್ನೇ ವೃತ್ತಿಯಾಗಿಸಿಕೊಂಡು ಅಮೆರಿಕದಲ್ಲಿ ಇಪ್ಪತ್ತು ವರ್ಷ ಕಳೆದಿರುವ ನನಗೆ ಆ ಪ್ರಶ್ನೆಗೆ ಒಂದು ಸಂಖ್ಯೆಯನ್ನು ಉತ್ತರವಾಗಿ ಕೊಡುವುದು ಕಷ್ಟವಲ್ಲ. ಆ ಸಂಖ್ಯೆಯಿಂದ ಕೇಳುವವರು ಯಾವ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದೇ ನನ್ನ ಆತಂಕ.

ಅಂದಿನ ಸಂಖ್ಯೆಯನ್ನೇ ನೋಡೋಣ. ಚರ್ಚೆ ನೋಡಿದ 605 ನೋಂದಾಯಿತ ಮತದಾರರನ್ನು ಸಿ.ಎನ್.ಎನ್. ಪರವಾಗಿ ಕೂಡಲೇ ಪ್ರಶ್ನಿಸಲಾಯಿತು. ಹ್ಯಾರಿಸ್ ಚೆನ್ನಾಗಿ ಮಾಡಿದರು ಎಂದವರು ಶೇ. 63, ಟ್ರಂಪ್ ಎಂದವರು ಶೇ. 37. ಚರ್ಚೆಗೆ ಮೊದಲು ಇದೇ ಜನ ಯಾರು ಮೇಲುಗೈ ಸಾಧಿಸಬಹುದು ಎಂಬ ಪ್ರಶ್ನೆಗೆ ಅರ್ಧಕ್ಕರ್ಧ ಹಂಚಿಹೋಗಿದ್ದರು. ಇಷ್ಟು ಸುದ್ದಿಯ ತಲೆಬರಹವಾಯಿತು. ಅದೇ ಸಮೀಕ್ಷೆಯಲ್ಲಿ ಇನ್ನೆರಡು ಉತ್ತರಗಳಿದ್ದವು. ಆರ್ಥಿಕತೆಯನ್ನು ಯಾರು ಉತ್ತಮವಾಗಿ ನಿಭಾಯಿಸುತ್ತಾರೆ ಎಂದು ಕೇಳಿದಾಗ ಟ್ರಂಪ್ ಎಂದವರು ಶೇ. 55, ಹ್ಯಾರಿಸ್ ಎಂದವರು ಶೇ. 35. ಈ ಚರ್ಚೆ ನಿಮ್ಮ ಆಯ್ಕೆಯನ್ನು ಬದಲಿಸಿತೇ ಎಂಬ ಪ್ರಶ್ನೆಗೆ ಯಾವ ಪರಿಣಾಮವೂ ಆಗಿಲ್ಲ ಎಂದವರು ಶೇ. 82, ಮರುಯೋಚನೆಗೆ ಹಚ್ಚಿದರೂ ಮನಸ್ಸು ಬದಲಾಗಲಿಲ್ಲ ಎಂದವರು ಶೇ. 14, ಬದಲಾಯಿತು ಎಂದವರು ಶೇ. 4 ಮಾತ್ರ. ಒಂದೇ ರಾತ್ರಿ, ಒಂದೇ ಜನ ಕೊಟ್ಟ ಈ ಮೂರು ಉತ್ತರಗಳಲ್ಲಿ ಪರಸ್ಪರ ವಿರೋಧವಿಲ್ಲ. ವಾದದಲ್ಲಿ ಮೇಲುಗೈ ಯಾರದೆಂದು ತೀರ್ಪು ಕೊಡುವುದು ಬೇರೆ, ಮನೆಯ ಖರ್ಚನ್ನು ಯಾರ ಕೈಗೆ ಒಪ್ಪಿಸಬಹುದೆಂದು ನಿರ್ಧರಿಸುವುದು ಬೇರೆ.

ಆ ವಾರ ಫಿಲಡೆಲ್ಫಿಯಾದ ಹೊರವಲಯದಲ್ಲಿ ನಾನು ನಡೆಸಿದ ಒಂದು ಗುಂಪು ಸಂದರ್ಶನದಲ್ಲಿ, ದಾವಣಗೆರೆಯಿಂದ ಬಂದು ಅಮೆರಿಕದ ಪೌರತ್ವ ಪಡೆದ ಅರವತ್ತರ ಆಸುಪಾಸಿನ ಮಹಿಳೆಯೊಬ್ಬರಿದ್ದರು. ಗುಂಪಿನಲ್ಲಿ ಇಂಗ್ಲಿಷಿನಲ್ಲಿ ಎಲ್ಲರಂತೆ ಹ್ಯಾರಿಸ್ ಅವರೇ ಗೆದ್ದರೆಂದರು. ಎಲ್ಲರೂ ಎದ್ದ ಮೇಲೆ ನನ್ನ ಬಳಿ ಬಂದು ಕನ್ನಡದಲ್ಲಿ, "ಗೆದ್ದಿದ್ದು ಆಯಮ್ಮಾನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನ್ನ ಓಟು ಯಾರಿಗೆ ಅಂತ ನಾನಿನ್ನೂ ಹೇಳಿಲ್ಲ ನೋಡ್ರಿ," ಎಂದರು. ಅವರು ವಾಸವಿದ್ದ ಪೆನ್ಸಿಲ್ವೇನಿಯ ರಾಜ್ಯಕ್ಕೆ ಅಧ್ಯಕ್ಷರ ಆಯ್ಕೆಯಲ್ಲಿರುವ 19 ಎಲೆಕ್ಟೋರಲ್ ಮತಗಳು ನವೆಂಬರ್ 5ರಂದು ಟ್ರಂಪ್ ಅವರ ಪಾಲಾದವು. ಅಂತರ ಸುಮಾರು 1,20,000 ಮತಗಳು.

ಇಂಥ ತಕ್ಷಣದ ಸಮೀಕ್ಷೆ ಹೇಗೆ ನಡೆಯುತ್ತದೆ ಎಂದು ಓದುಗರು ತಿಳಿದಿರುವುದು ಒಳ್ಳೆಯದು. ಚರ್ಚೆ ನೋಡುವುದಾಗಿ ಹೇಳಿದ ಮತದಾರರನ್ನು ಕೆಲವು ದಿನ ಮೊದಲೇ ಗುರುತಿಸಿ, ಅವರ ಒಲವನ್ನು ಬರೆದಿಟ್ಟುಕೊಂಡು, ಚರ್ಚೆ ಮುಗಿದ ಕೂಡಲೇ ಫೋನ್ ಅಥವಾ ಮೆಸೇಜ್ ಮೂಲಕ ಮತ್ತೆ ಸಂಪರ್ಕಿಸುತ್ತಾರೆ. ಆದ್ದರಿಂದ ಈ ಮಾದರಿ ಇಡೀ ದೇಶದ ಮತದಾರರದ್ದಲ್ಲ, ಅಂದು ಟಿ.ವಿ. ಮುಂದೆ ಕೂತವರದ್ದು. 2016ರ ಸೆಪ್ಟೆಂಬರ್ 26ರಂದು ಹಿಲರಿ ಕ್ಲಿಂಟನ್ ಮತ್ತು ಟ್ರಂಪ್ ನಡುವಿನ ಮೊದಲ ಚರ್ಚೆಯನ್ನು 8.4 ಕೋಟಿ ಜನ ನೋಡಿದರು. ಅದು ಇಂದಿಗೂ ದಾಖಲೆ. ಅಂದಿನ ಸಮೀಕ್ಷೆಯಲ್ಲಿ ಕ್ಲಿಂಟನ್ ಶೇ. 62, ಟ್ರಂಪ್ ಶೇ. 27. ಆದರೆ ಉತ್ತರಿಸಿದ 521 ಜನರಲ್ಲಿ ತಮ್ಮನ್ನು ಕ್ಲಿಂಟನ್ ಅವರ ಪಕ್ಷದವರು, ಅಂದರೆ ಡೆಮಾಕ್ರಟ್ ಎಂದುಕೊಂಡವರು ಶೇ. 41, ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದವರು ಎಂದುಕೊಂಡವರು ಶೇ. 26. ಸಮೀಕ್ಷೆ ಮಾಡಿದವರು ಇದನ್ನು ಮುಚ್ಚಿಡಲಿಲ್ಲ. ಓದಿದವರು ಆ ಸಾಲನ್ನು ದಾಟಿ ಹೋದರು. ಇನ್ನು 1980ರ ಅಕ್ಟೋಬರ್ 28ರಂದು ರೇಗನ್ ಮತ್ತು ಕಾರ್ಟರ್ ಚರ್ಚೆಯ ಬಳಿಕ ಎ.ಬಿ.ಸಿ. ವಾಹಿನಿ ವೀಕ್ಷಕರೇ 50 ಸೆಂಟ್ ತೆತ್ತು ಕರೆ ಮಾಡಿ ಅಭಿಪ್ರಾಯ ತಿಳಿಸುವ ಏರ್ಪಾಡು ಮಾಡಿ ಸುಮಾರು ಏಳು ಲಕ್ಷ ಕರೆಗಳನ್ನು ಎಣಿಸಿತು. ಅದನ್ನು ಸಮೀಕ್ಷೆಯೆಂದು ಕರೆಯಲು ನಾನು ಒಪ್ಪುವುದಿಲ್ಲ. ಹಣ ತೆತ್ತು ಕರೆ ಮಾಡುವಷ್ಟು ಹುಮ್ಮಸ್ಸು ಯಾರಿಗಿತ್ತು ಎಂಬುದನ್ನಷ್ಟೇ ಅದು ತಿಳಿಸಿತು.

ಯಾರು ಉತ್ತರಿಸುತ್ತಾರೆ ಎಂಬ ಈ ತೊಡಕು ಚರ್ಚೆಯ ರಾತ್ರಿಗೆ ಮುಗಿಯುವುದಿಲ್ಲ. ಮುಂದಿನ ವಾರದ ಸಮೀಕ್ಷೆಗಳಲ್ಲಿ ಅದು ಇನ್ನೂ ಆಳವಾಗಿ ಕೂತಿರುತ್ತದೆ. 2012ರ ಅಕ್ಟೋಬರ್ 3ರಂದು ಡೆನ್ವರ್‌ನಲ್ಲಿ ಬರಾಕ್ ಒಬಾಮ ಮಂಕಾಗಿ ಕಂಡರು, ಮಿಟ್ ರಾಮ್ನಿ ಚುರುಕಾಗಿ ಮಾತನಾಡಿದರು. ಸೆಪ್ಟೆಂಬರ್‌ನಲ್ಲಿ ಒಬಾಮ ಅವರಿಗೆ ಶೇ. 51ಕ್ಕೆ 43ರ ಮುನ್ನಡೆ ತೋರಿಸಿದ್ದ ಪ್ಯೂ ಎಂಬ ಸಂಶೋಧನಾ ಸಂಸ್ಥೆಯ ಸಮೀಕ್ಷೆ, ಚರ್ಚೆಯ ನಂತರ ರಾಮ್ನಿ ಅವರಿಗೆ ಶೇ. 49ಕ್ಕೆ 45ರ ಮುನ್ನಡೆ ತೋರಿಸಿತು. ಲಕ್ಷಾಂತರ ಮತದಾರರು ಒಂದೇ ರಾತ್ರಿಯಲ್ಲಿ ಪಕ್ಷ ಬದಲಿಸಿದರೇ? ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಮತ್ತು ಸಂಗಡಿಗರು ಎಕ್ಸ್‌ಬಾಕ್ಸ್ ಗೇಮ್ ಸಾಧನದ ಮೂಲಕ ಅದೇ ಜನರನ್ನು ಮತ್ತೆ ಮತ್ತೆ ಪ್ರಶ್ನಿಸಿ ಕಲೆಹಾಕಿದ ಉತ್ತರಗಳನ್ನು ವಿಶ್ಲೇಷಿಸಿದಾಗ ಬೇರೆಯದೇ ಚಿತ್ರ ಸಿಕ್ಕಿತು. ಮತದಾರರಲ್ಲಿ ಹೆಚ್ಚಿನವರು ಇದ್ದಲ್ಲಿಯೇ ಇದ್ದರು. ತಮ್ಮ ಅಭ್ಯರ್ಥಿಗೆ ಹಿನ್ನಡೆಯಾದ ವಾರದಲ್ಲಿ ಡೆಮಾಕ್ರಟರು ಸಮೀಕ್ಷೆಗೆ ಉತ್ತರಿಸುವುದನ್ನೇ ಕಡಿಮೆ ಮಾಡಿದ್ದರು, ರಿಪಬ್ಲಿಕನ್ನರು ಉತ್ಸಾಹದಿಂದ ಉತ್ತರಿಸಿದ್ದರು. ಕಂಡ ಬದಲಾವಣೆಯ ಬಹುಪಾಲು ಇದರಿಂದಲೇ ಉಂಟಾದದ್ದು.

ಈ ಸಂಶೋಧನೆ ಪ್ರಕಟವಾಗುವ ಮೊದಲೇ ನಮ್ಮ ಕರೆ ಕೇಂದ್ರಗಳಲ್ಲಿ ಕೂತವರಿಗೆ ಇದರ ಸುಳಿವಿತ್ತು. ಬೇಸರಗೊಂಡ ಮತದಾರ ಫೋನ್ ಎತ್ತಿ, ವಿಷಯ ತಿಳಿದ ಕೂಡಲೇ "ಈಗ ಬೇಡ" ಎಂದು ಇಟ್ಟುಬಿಡುತ್ತಾನೆ. ಅವನ ಮತ ಎಲ್ಲಿಯೂ ಹೋಗಿರುವುದಿಲ್ಲ, ಆದರೆ ನಮ್ಮ ಪಟ್ಟಿಯಲ್ಲಿ ಅವನಿರುವುದಿಲ್ಲ. ಆ "ಈಗ ಬೇಡ" ಎಂಬ ಎರಡು ಪದಗಳೂ ಒಂದು ಪ್ರತಿಕ್ರಿಯೆಯೇ ಎಂದು ನನಗೆ ಅರ್ಥವಾಗಲು ಹಲವು ವರ್ಷ ಬೇಕಾಯಿತು. ಈಗ ನಾನು ಪ್ರತಿ ವರದಿಯಲ್ಲಿಯೂ ಯಾವ ಪಕ್ಷದ ಒಲವಿನವರು ಎಷ್ಟು ಮಂದಿ ಉತ್ತರಿಸಲು ನಿರಾಕರಿಸಿದರು ಎಂಬುದನ್ನು ಫಲಿತಾಂಶಕ್ಕಿಂತ ಮೊದಲು ಬರೆಯುತ್ತೇನೆ.

ಇನ್ನೊಂದು ತೊಡಕು ಸಮಯದ್ದು. 1976ರ ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಪ್ರಾಬಲ್ಯವಿಲ್ಲ ಎಂದುಬಿಟ್ಟರು. ಪ್ರಶ್ನೆ ಕೇಳಿದ ಪತ್ರಕರ್ತ ಮ್ಯಾಕ್ಸ್ ಫ್ರಾಂಕೆಲ್ ನಂಬಲಾಗದೆ ಮತ್ತೆ ಕೇಳಿದರೂ ಅವರು ಮಾತು ಹಿಂತೆಗೆದುಕೊಳ್ಳಲಿಲ್ಲ. ಇಂದು ಓದಿದರೆ ಅದು ದೊಡ್ಡ ಪ್ರಮಾದ. ಆದರೆ ಅಂದು ರಾತ್ರಿ, ಚರ್ಚೆ ಮುಗಿದ ಒಂದೆರಡು ಗಂಟೆಗಳಲ್ಲಿ ಫೋರ್ಡ್ ಅವರದೇ ಸಮೀಕ್ಷಕರು ಕರೆ ಮಾಡಿದಾಗ ಎದುರಾಳಿಗಿಂತ ಫೋರ್ಡ್ ಅವರೇ ಚೆನ್ನಾಗಿ ಮಾಡಿದರೆಂದವರ ಸಂಖ್ಯೆ ಹೆಚ್ಚಾಗಿತ್ತು. ಪೂರ್ವ ಯುರೋಪಿನ ಮಾತನ್ನು ಅವರಾಗಿ ಎತ್ತಿದವರೇ ಇಲ್ಲವೆನ್ನಬಹುದು. ಮರುದಿನ ಪತ್ರಿಕೆಗಳೂ ಟಿ.ವಿ. ಸುದ್ದಿಗಳೂ ಆ ಒಂದು ವಾಕ್ಯವನ್ನು ಹಿಡಿದು ದಿನವಿಡೀ ಚರ್ಚಿಸಿದವು. ಸಂಜೆಯ ಹೊತ್ತಿಗೆ ಪ್ರಶ್ನಿಸಿದವರಲ್ಲಿ ದೊಡ್ಡ ಬಹುಮತ ಜಿಮ್ಮಿ ಕಾರ್ಟರ್ ಗೆದ್ದರೆಂದಿತು. ಜನ ಚರ್ಚೆಯನ್ನು ಮತ್ತೊಮ್ಮೆ ನೋಡಿರಲಿಲ್ಲ. ತಾವು ನೋಡಿದ್ದಕ್ಕೆ ಹೊಸ ಅರ್ಥವನ್ನು ಪಡೆದಿದ್ದರು. ಯಾವ ಮತದಾರನನ್ನೂ ಇದಕ್ಕಾಗಿ ಹಳಿಯುವುದು ಸರಿಯಲ್ಲ. ವಿದೇಶಾಂಗ ನೀತಿಯ ಒಂದು ವಾಕ್ಯದ ತೂಕವನ್ನು ತಿಳಿದವರಿಂದ ಕೇಳಿ ಅರಿಯುವುದು ವಿವೇಕವೇ. ಆದರೆ ರಾತ್ರಿಯ ಸಂಖ್ಯೆಯನ್ನೂ ಮರುದಿನದ ಸಂಖ್ಯೆಯನ್ನೂ ಒಂದೇ ವಸ್ತುವಿನ ಅಳತೆಯೆಂದು ಮುದ್ರಿಸುವುದು ತಪ್ಪು.

ಜೊತೆಯಲ್ಲಿ ಕೂತವರ ಪ್ರಭಾವವಂತೂ ನಾವು ಊಹಿಸುವುದಕ್ಕಿಂತ ಹೆಚ್ಚು. 1984ರ ಅಕ್ಟೋಬರ್ 21ರಂದು ಕ್ಯಾನ್ಸಸ್ ಸಿಟಿಯಲ್ಲಿ, 73 ವರ್ಷದ ರೇಗನ್ ಅವರ ವಯಸ್ಸಿನ ಬಗ್ಗೆ ಪ್ರಶ್ನೆ ಬಂದಾಗ, ಎದುರಾಳಿಯ ಎಳೆವಯಸ್ಸನ್ನೂ ಅನನುಭವವನ್ನೂ ತಾನು ರಾಜಕೀಯಕ್ಕೆ ಬಳಸಿಕೊಳ್ಳುವುದಿಲ್ಲ ಎಂದು ಅವರು ಉತ್ತರಿಸಿದರು. ಸಭೆ ನಕ್ಕಿತು, ಎದುರಾಳಿ ಮಾಂಡೇಲ್ ಅವರೂ ನಕ್ಕರು. ಮುಂದೆ ಮನಶ್ಶಾಸ್ತ್ರಜ್ಞರು ಅದೇ ದೃಶ್ಯದಿಂದ ಸಭಿಕರ ನಗು, ಚಪ್ಪಾಳೆಗಳನ್ನು ತೆಗೆದು ಹೊಸ ವೀಕ್ಷಕರಿಗೆ ತೋರಿಸಿದಾಗ, ರೇಗನ್ ಅವರ ಬಗೆಗಿನ ಅಭಿಪ್ರಾಯ ಗಮನಾರ್ಹವಾಗಿ ಇಳಿಯಿತು. 2010ರಲ್ಲಿ ಬ್ರಿಟನ್ನಿನ ಪ್ರಧಾನಿ ಅಭ್ಯರ್ಥಿಗಳ ಚರ್ಚೆಯ ವೇಳೆ ಸಂಶೋಧಕರು 150 ಜನರನ್ನು ಎರಡು ಗುಂಪು ಮಾಡಿ, ವೀಕ್ಷಕರ ಕ್ಷಣಕ್ಷಣದ ಅಭಿಪ್ರಾಯ ತೋರಿಸಲು ಪರದೆಯ ಕೆಳಗೆ ಓಡುವ ಗೆರೆಯನ್ನು ಗುಟ್ಟಾಗಿ ಒಂದು ಗುಂಪಿಗೆ ಒಬ್ಬ ನಾಯಕನ ಪರ, ಇನ್ನೊಂದಕ್ಕೆ ಮತ್ತೊಬ್ಬನ ಪರ ಏರಿಸಿದರು. ಗೆದ್ದವರು ಯಾರೆಂಬ ತೀರ್ಪು ಗೆರೆ ಏರಿದ ಕಡೆಗೇ ವಾಲಿತು. ಆ ಗೆರೆಯನ್ನು ಬಿಡಿಸುವ ಡಯಲ್ ಹಿಡಿದವರ ಜೊತೆ ನಾನೂ ಅನೇಕ ರಾತ್ರಿ ಕೂತಿದ್ದೇನೆ. ಸೊನ್ನೆಯಿಂದ ನೂರರವರೆಗೆ ತಿರುಗುವ ಆ ಗುಂಡಿ, ಕೇಳಿದ ಮಾತು ಆ ಕ್ಷಣ ಹಿತವಾಯಿತೇ ಎಂಬುದನ್ನು ದಾಖಲಿಸುತ್ತದೆ. ಅದು ನನಗೆ ಉಪಯುಕ್ತ ಸಾಧನ. ಆದರೆ ನೇರಪ್ರಸಾರದಲ್ಲಿ ಅದನ್ನು ಮನೆಮನೆಗೆ ತೋರಿಸುವುದನ್ನು ನಾನು ವಿರೋಧಿಸುತ್ತೇನೆ.

1960ರ ಸೆಪ್ಟೆಂಬರ್ 26ರ ಕೆನಡಿ–ನಿಕ್ಸನ್ ಚರ್ಚೆಯ ಬಗ್ಗೆ ಎಲ್ಲರೂ ಕೇಳಿರುವ ಕಥೆಯನ್ನೂ ಇಲ್ಲಿ ತಿದ್ದಬೇಕು. ಟಿ.ವಿ. ನೋಡಿದವರು ಕೆನಡಿ ಎಂದರು, ರೇಡಿಯೊ ಕೇಳಿದವರು ನಿಕ್ಸನ್ ಎಂದರು ಎಂಬ ಮಾತಿಗೆ ಮುಖ್ಯ ಆಧಾರ ಒಂದೇ ಸಮೀಕ್ಷೆ. ಅದರಲ್ಲಿ ರೇಡಿಯೊ ಕೇಳಿದವರು 282 ಮಂದಿ ಮಾತ್ರ. ಆ ಕಾಲದಲ್ಲಿ ಟಿ.ವಿ. ಇಲ್ಲದೆ ರೇಡಿಯೊ ಕೇಳುತ್ತಿದ್ದ ಮನೆಗಳು ಮೊದಲೇ ನಿಕ್ಸನ್ ಪರ ಇದ್ದಿರಬಹುದೆಂಬ ಸಂಶಯ ಉಳಿದಿದೆ. ರೂಪ ಪ್ರಭಾವ ಬೀರುವುದಿಲ್ಲವೆಂದಲ್ಲ. ರಾಜಕೀಯ ವಿಜ್ಞಾನಿ ಜೇಮ್ಸ್ ಡ್ರಕ್‌ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ತಕ್ಕಮಟ್ಟಿಗೆ ತೋರಿಸಿಕೊಟ್ಟಿದೆ.

ಚರ್ಚೆಗಳಿಂದ ಏನೂ ಆಗುವುದಿಲ್ಲವೇ ಎಂದು ಕೇಳುವವರಿಗೆ 2024ರ ಜೂನ್ 27ರ ಅಟ್ಲಾಂಟಾ ಚರ್ಚೆ ಉತ್ತರ. ಅಂದು ಜೋ ಬೈಡನ್ ಮಾತಿನ ನಡುವೆ ಎಳೆ ತಪ್ಪಿದ್ದನ್ನು 5 ಕೋಟಿಗೂ ಹೆಚ್ಚು ಜನ ನೋಡಿದರು, ಶೇ. 67 ವೀಕ್ಷಕರು ಟ್ರಂಪ್ ಗೆದ್ದರೆಂದರು. ಆದರೂ ಮನಸ್ಸು ಬದಲಿಸಿದೆವು ಎಂದವರು ಶೇ. 5 ಮಾತ್ರ. ಬದಲಾದದ್ದು ಪಕ್ಷದ ಸಂಸದರ, ದೇಣಿಗೆದಾರರ ಮನಸ್ಸು. ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರು. ಅವರ ವಯಸ್ಸಿನ ಬಗ್ಗೆ ಮತದಾರರು ವರ್ಷಕ್ಕೂ ಹಿಂದಿನಿಂದ ನಮ್ಮ ಸಂದರ್ಶನಗಳಲ್ಲಿ ಹೇಳುತ್ತಲೇ ಇದ್ದರು. ಅವರ ಮಾತಿಗೆ ಕಿವಿಗೊಡಲು ಪಕ್ಷಕ್ಕೆ ಒಂದು ಟಿ.ವಿ. ರಾತ್ರಿ ಬೇಕಾಯಿತು ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ಈ ಎಲ್ಲ ಕಾರಣಗಳಿಂದ ನಾನು ಈಗ "ಯಾರು ಗೆದ್ದರು" ಎಂದು ಕೇಳಿ ಮುಗಿಸುವುದಿಲ್ಲ. ಎಂಟು ಹತ್ತು ದಿನ ಬಿಟ್ಟು ಅದೇ ಜನರಿಗೆ ಕರೆ ಮಾಡಿ, ಚರ್ಚೆಯಲ್ಲಿ ನಿಮಗೆ ನೆನಪಿರುವುದೇನು ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳುತ್ತೇನೆ. ಫಿಲಡೆಲ್ಫಿಯಾ ಚರ್ಚೆಯಿಂದ ಕರ್ನಾಟಕದ ವಾಟ್ಸ್‌ಆ್ಯಪ್ ಗುಂಪುಗಳವರೆಗೆ ಹರಿದು ಬಂದದ್ದು ಸ್ಪ್ರಿಂಗ್‌ಫೀಲ್ಡ್ ಊರಿನ ಸಾಕುಪ್ರಾಣಿಗಳನ್ನು ವಲಸಿಗರು ತಿನ್ನುತ್ತಿದ್ದಾರೆ ಎಂದು ಟ್ರಂಪ್ ಆಧಾರವಿಲ್ಲದೆ ಆಡಿದ ಮಾತಿನ ತುಣುಕು. ದಾವಣಗೆರೆಯ ಆ ಮಹಿಳೆ ಅದನ್ನು ಹೇಳಬಹುದೆಂದು ನಾನೂ ಎಣಿಸಿದ್ದೆ. ಅವರು ಹೇಳಿದ್ದು ಚರ್ಚೆಯ ಮೊಟ್ಟಮೊದಲ ಪ್ರಶ್ನೆಯನ್ನು: ನಾಲ್ಕು ವರ್ಷಗಳ ಹಿಂದಿಗಿಂತ ಜನರ ಸ್ಥಿತಿ ಈಗ ಉತ್ತಮವಾಗಿದೆಯೇ ಎಂದು ನಿರೂಪಕರು ಹ್ಯಾರಿಸ್ ಅವರನ್ನು ಕೇಳಿದ್ದರು. 1980ರಲ್ಲಿ ಕಾರ್ಟರ್ ವಿರುದ್ಧ ರೇಗನ್ ಕ್ಯಾಮೆರಾ ನೋಡಿ ಮತದಾರರನ್ನು ಕೇಳಿದ ಪ್ರಶ್ನೆಯೂ ಇದೇ. "ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಬೇರೆ ಏನೋ ಹೇಳಿಬಿಟ್ಟರು ಆಯಮ್ಮ," ಎಂದರು ಅವರು. ಗೆದ್ದವರು ಯಾರೆಂದು ಎರಡನೆಯ ಬಾರಿ ಕೇಳಿದಾಗ ಸ್ವಲ್ಪ ಯೋಚಿಸಿ, ಅದನ್ನು ಬರೆದುಕೊಳ್ಳುವ ಅಗತ್ಯವೇನಿದೆ ಎಂದು ನನ್ನನ್ನೇ ಕೇಳಿದರು. ಮೊದಲ ಪ್ರಶ್ನೆಯ ಬಗ್ಗೆ ಅವರಾಡಿದ ಮಾತನ್ನು ನಾನು ವರದಿಯ ಮೊದಲ ಪುಟದಲ್ಲಿ, ಎಲ್ಲ ಕೋಷ್ಟಕಗಳಿಗಿಂತ ಮೇಲೆ ಇಟ್ಟೆ.