ಉರಿದ ಚರ್ಮ ಕಪ್ಪಾಗುತ್ತದೆ

ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಮುಖಕ್ಕೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದರೆ ಕಲೆ ಹೋಗುತ್ತದೆ ಎನ್ನುವ ವಿಡಿಯೊಗಳಿಗೆ ಬರವಿಲ್ಲ. ಹೇಳುವವರು ಬದಲಾಗುತ್ತಾರೆ, ಸಲಹೆ ಮಾತ್ರ ಅದೇ. ಇದೊಂದನ್ನು ಸರಿಯಾಗಿ ಬಿಡಿಸಿ ನೋಡಿದರೆ, ಮುಂದಿನ ವಾರ ಬರುವ ಇನ್ನೊಂದು ಟ್ರೆಂಡನ್ನು ಹೇಗೆ ಅಳೆಯಬೇಕು ಎಂಬುದೂ ಗೊತ್ತಾಗುತ್ತದೆ.

ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಹುಳಿಯನ್ನು ಅಳೆಯುವ ಅಂಕವಾದ ಪಿಎಚ್ ಅಲ್ಲಿ ಸುಮಾರು 4.5ರಿಂದ 5.5. ಚರ್ಮದ ತೀರಾ ಹೊರಗಿನ ಪದರ ಮುಖದ ಮೇಲೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಒಳಗಿನ ನೀರು ಆರಿಹೋಗದಂತೆ, ಹೊರಗಿನದು ಒಳಗೆ ನುಗ್ಗದಂತೆ ತಡೆಯುವುದು ಅದೇ. ಈ ಪದರದ ಜಿಡ್ಡನ್ನು ತಯಾರಿಸುವ ಕಿಣ್ವಗಳಿಗೆ ಆ ಹುಳಿ ವಾತಾವರಣವೇ ಬೇಕು. ನಿಂಬೆರಸದ ಪಿಎಚ್ 2ರಿಂದ 2.5. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ನಿಂಬೆರಸ ಚರ್ಮಕ್ಕಿಂತ ನೂರಾರು ಪಟ್ಟು ಹುಳಿ. ಸೋಡಾ ಕಲಸಿದ ನೀರು ಇದಕ್ಕೆ ತದ್ವಿರುದ್ಧ, ಪಿಎಚ್ 8ರ ಮೇಲೆ. ಎರಡನ್ನೂ ಬೆರೆಸಿದಾಗ ಬರುವ ನೊರೆ ಬರೀ ಇಂಗಾಲದ ಡೈಆಕ್ಸೈಡ್. ಅವು ಒಂದನ್ನೊಂದು ತಟಸ್ಥಗೊಳಿಸಿಕೊಂಡ ಮೇಲೆ ಯಾವುದು ಹೆಚ್ಚಾಗಿತ್ತೋ ಅದು ಉಳಿದು ಚರ್ಮವನ್ನು ಕೆರಳಿಸುತ್ತದೆ. ಅಳತೆಯಿಲ್ಲದೆ ಕೈಯಂದಾಜಿನಲ್ಲಿ ಬೆರೆಸುವಾಗ ಉಳಿಯುವುದು ಆಮ್ಲವೋ ಸೋಡಾವೋ ಎಂದು ಯಾರಿಗೂ ತಿಳಿಯುವುದಿಲ್ಲ.

ನಿಂಬೆಯಲ್ಲಿ ವಿಟಮಿನ್ ಸಿ ಇದೆಯಲ್ಲ ಎಂಬ ವಾದವನ್ನು ಲೆಕ್ಕ ಹಾಕಿ ನೋಡೋಣ. ನೂರು ಮಿಲಿಲೀಟರ್ ನಿಂಬೆರಸದಲ್ಲಿ ವಿಟಮಿನ್ ಸಿ ಸುಮಾರು 40ರಿಂದ 50 ಮಿಲಿಗ್ರಾಂ, ಅಂದರೆ ಶೇ. 0.05ರ ಆಸುಪಾಸು. ಪರಿಣಾಮಕ್ಕಾಗಿ ತಯಾರಿಸಿದ ಸೀರಮ್‌ಗಳಲ್ಲಿ ಅದು ಶೇ. 10ರಿಂದ 20. ಇನ್ನೂರರಿಂದ ನಾನೂರು ಪಟ್ಟಿನ ಅಂತರ. ಅದೇ ನಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ಶೇ. 5ರಿಂದ 6 ಇರುತ್ತದೆ. ವಿಟಮಿನ್ ಎಂದುಕೊಂಡು ನಾವು ಹಚ್ಚುತ್ತಿರುವುದು ಸಿಟ್ರಿಕ್ ಆಮ್ಲವನ್ನು. ಸೀರಮ್ ಕೊಳ್ಳುವವರಿಗೂ ಇಲ್ಲೊಂದು ಮಾತಿದೆ: ಅಚ್ಚ ವಿಟಮಿನ್ ಸಿ, ಅಂದರೆ ಎಲ್-ಆಸ್ಕಾರ್ಬಿಕ್ ಆಮ್ಲ, ಚರ್ಮದೊಳಗೆ ಇಳಿಯಲು ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿರಬೇಕು. ಶೇ. 20 ದಾಟಿದರೆ ಹೀರಿಕೆ ಹೆಚ್ಚುವುದಿಲ್ಲ, ಉರಿ ಮಾತ್ರ ಹೆಚ್ಚುತ್ತದೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದರೆ ಅದು ಗಾಳಿಗೆ ಕೆಟ್ಟಿದೆ ಎಂದರ್ಥ, ಚೆಲ್ಲಿಬಿಡಿ.

ನಿಂಬೆಯಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಅದರ ಸಿಪ್ಪೆಯ ಎಣ್ಣೆಯಲ್ಲಿ ಫ್ಯೂರೋಕೂಮರಿನ್ ಎಂಬ ರಾಸಾಯನಿಕಗಳಿವೆ. ಹಣ್ಣು ಹಿಂಡುವಾಗ ಇವು ರಸಕ್ಕೂ ಕೈಗೂ ಸೇರುತ್ತವೆ. ಬಿಸಿಲಿನ ಯುವಿ-ಎ ಕಿರಣ ಬಿದ್ದಾಗ ಇವು ಚರ್ಮದ ಕೋಶಗಳನ್ನು ಸುಡುತ್ತವೆ. ಒಂದರಿಂದ ಮೂರು ದಿನದೊಳಗೆ ಉರಿ, ಗುಳ್ಳೆ. ಆಮೇಲೆ ರಸ ಹರಿದ ಗುರುತಿನುದ್ದಕ್ಕೂ ತಿಂಗಳುಗಟ್ಟಲೆ ಉಳಿಯುವ ಕಪ್ಪು ಪಟ್ಟೆ. ತೊನ್ನಿನ ಚಿಕಿತ್ಸೆಯಲ್ಲಿ ಚರ್ಮವೈದ್ಯರು ಬಣ್ಣ ಮರಳಿಸಲು ಬಳಸುವ ಸೊರಾಲೆನ್ ಕೂಡ ಇದೇ ಗುಂಪಿನದು. ವೈದ್ಯರು ಅದನ್ನು ಪ್ರಮಾಣವನ್ನೂ ಬೆಳಕನ್ನೂ ಅಳೆದು ಕೊಡುತ್ತಾರೆ. ಚರ್ಮವನ್ನು ಕಪ್ಪಾಗಿಸುವ ಗುಂಪಿನ ವಸ್ತುವನ್ನು ಬಿಳಿಯಾಗಲೆಂದು ಹಚ್ಚಿಕೊಳ್ಳುವುದು ಎಷ್ಟು ವಿಪರೀತ ಎಂಬುದನ್ನು ಯೋಚಿಸಿ.

ಇಲ್ಲಿಗೆ ಮುಖ್ಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹುಪಾಲು ಜನರದು ಕಂದು ಚರ್ಮ. ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಎಲ್ಲ ಜನಾಂಗಗಳಲ್ಲೂ ಹೆಚ್ಚುಕಡಿಮೆ ಒಂದೇ, ಆದರೆ ಕಂದು ಚರ್ಮದಲ್ಲಿ ಅವು ಹೆಚ್ಚು ಚುರುಕು. ಮೊಡವೆ, ತರಚು ಗಾಯ, ಅಲರ್ಜಿ, ಆಮ್ಲದ ಉರಿ, ಯಾವುದರಿಂದ ಉರಿಯೂತವಾದರೂ ಅವು ಮೆಲನಿನ್ ಸುರಿಯತೊಡಗುತ್ತವೆ. ಬಿಳಿ ಚರ್ಮದಲ್ಲಿ ಕೆಂಪಾಗಿ ನಾಲ್ಕು ದಿನಕ್ಕೆ ಇಳಿದುಹೋಗುವ ಉರಿ ನಮ್ಮ ಚರ್ಮದಲ್ಲಿ ಕಲೆಯಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ಬಣ್ಣ ಇನ್ನೂ ಆಳದ ಪದರಕ್ಕೆ ಇಳಿದರೆ ಬೂದುಗಪ್ಪಾಗಿ ವರ್ಷಗಟ್ಟಲೆ ಉಳಿಯುವುದೂ ಉಂಟು. ಹಾಗಾಗಿ ಯಾವ ಟ್ರೆಂಡ್ ಬಂದರೂ ಮೊದಲು ಕೇಳಬೇಕಾದ್ದು ಇದು ಉರಿಸುತ್ತದೆಯೇ ಎಂದು. ಬೆಳ್ಳಗಿನ ಚರ್ಮದವರ ಮುಖದ ಮೇಲೆ ಒಪ್ಪಿದ ಪ್ರಯೋಗ ನಮಗೂ ಒಪ್ಪುತ್ತದೆ ಎನ್ನಲು ಆಧಾರವಿಲ್ಲ. ‘ಸ್ವಲ್ಪ ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ’ ಎನ್ನುವ ಮಾತು ನಮ್ಮ ಚರ್ಮದ ಮಟ್ಟಿಗೆ ಅತ್ಯಂತ ಹಾನಿಕರ ಸಲಹೆ.

ಎರಡನೆಯ ಪ್ರಶ್ನೆ: ಹಚ್ಚಿದ್ದು ಒಳಗೆ ಇಳಿಯುತ್ತದೆಯೇ, ಇಳಿದರೂ ಸಾಕಷ್ಟು ಇದೆಯೇ? ಸರಿಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣುಗಳು ಗಾಯವಿಲ್ಲದ ಚರ್ಮವನ್ನು ದಾಟುವುದು ಕಷ್ಟ. ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್ ಆದ ಕೊಲಾಜೆನ್‌ನ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಕೊಲಾಜೆನ್ ಕ್ರೀಮ್ ಮೇಲೆ ಕೂತು ತೇವ ಹಿಡಿದಿಡಬಹುದು, ಒಳಗಿನ ಕೊಲಾಜೆನ್‌ಗೆ ಅದು ಸೇರುವುದಿಲ್ಲ. ಪ್ರಮಾಣ ತಿಳಿಯಲು ಲೇಬಲ್ ಓದಬೇಕು. ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯುವುದು ನಿಯಮ. ಶೇ. 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಯಾವ ಕ್ರಮದಲ್ಲಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇ. 1ಕ್ಕಿಂತ ಹೆಚ್ಚು ಹಾಕುವುದಿಲ್ಲ. ಪಟ್ಟಿಯಲ್ಲಿ ಅದರ ನಂತರ ಬರುವ ಕೇಸರಿ, ಶ್ರೀಗಂಧ, ಬಾದಾಮಿ ಎಲ್ಲ ಬಹುತೇಕ ಹೆಸರಿಗಷ್ಟೇ ಇವೆ ಎಂದುಕೊಳ್ಳಿ. ನಿಯಾಸಿನಮೈಡ್‌ನಂಥ (ವಿಟಮಿನ್ ಬಿ3ಯ ಒಂದು ರೂಪ) ನಿಜಕ್ಕೂ ಒಳ್ಳೆಯ ಘಟಕದಲ್ಲೂ ಪ್ರಯೋಗಗಳು ನಡೆದಿರುವುದು ಹೆಚ್ಚಾಗಿ ಶೇ. 2ರಿಂದ 5ರ ಪ್ರಮಾಣದಲ್ಲಿ. ಶೇ. 10ರ ಬಾಟಲಿ ಕೊಂಡರೆ ಫಲ ದುಪ್ಪಟ್ಟಾಗುವುದಿಲ್ಲ, ಕೆಲವರಿಗೆ ಮುಖ ಕೆಂಪೇರುತ್ತದೆ ಅಷ್ಟೆ.

ಮನೆಯಲ್ಲೇ ಮಾಡಿದ ಲೋಳೆಸರ, ಅಕ್ಕಿ ತೊಳೆದ ನೀರು ಮುಂತಾದವುಗಳ ತೊಂದರೆ ಬೇರೆ: ನೀರಿದ್ದು ಸಂರಕ್ಷಕವಿಲ್ಲದ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಹಚ್ಚಲೇಬೇಕೆಂದರೆ ಆಗಿಂದಾಗ ಮಾಡಿ, ಉಳಿದದ್ದನ್ನು ಚೆಲ್ಲಿ. ಕಡಲೆಹಿಟ್ಟು, ಕೆನೆ ತಂಟೆ ಮಾಡುವುದು ಕಡಿಮೆ. ಒಣಗಿ ಬಿಗಿದ ಹಿಟ್ಟನ್ನು ತಿಕ್ಕಿ ತೆಗೆಯದೆ ನೀರು ಹಾಕಿ ನೆನೆಸಿ ತೆಗೆಯಬೇಕು, ಏಕೆಂದರೆ ತಿಕ್ಕುವುದರಿಂದಲೂ ಕಲೆ ಬೀಳುತ್ತದೆ.

ಚರ್ಮದ ಮೇಲ್ಪದರವನ್ನು ಕಳಚುವ ಕೆಂಪು ಬಣ್ಣದ ಆಮ್ಲದ ಪೀಲ್‌ಗಳು ಜನಪ್ರಿಯವಾಗಿವೆ. ಅವುಗಳಲ್ಲಿ ಶೇ. 30ರಷ್ಟು ಗ್ಲೈಕೋಲಿಕ್‌ ಮುಂತಾದ ಆಮ್ಲಗಳಿರುತ್ತವೆ. ಸಾಮಾನ್ಯ ಬಳಕೆಗೆ ಸುರಕ್ಷಿತ ಎಂದು ಅಮೆರಿಕದ ಪರಿಣತರ ಮಂಡಳಿ ಒಪ್ಪಿರುವುದು ಶೇ. 10ರವರೆಗೆ, ಅದೂ ಪಿಎಚ್ 3.5ಕ್ಕಿಂತ ಕೆಳಗಿಲ್ಲದಿದ್ದರೆ. ನನ್ನ ಸಲಹೆ ಸ್ಪಷ್ಟ: ಕಂದು ಚರ್ಮದವರು ಶೇ. 30ರ ಬಾಟಲಿಯನ್ನು ಮನೆಯಲ್ಲಿ ಮುಟ್ಟಬೇಡಿ. ಶೇ. 5ರಿಂದ 10ರದ್ದು ವಾರಕ್ಕೊಂದು ರಾತ್ರಿ ಸಾಕು, ಮರುದಿನದಿಂದ ಒಂದು ವಾರ ಸನ್‌ಸ್ಕ್ರೀನ್ ತಪ್ಪಿಸುವಂತಿಲ್ಲ. ವಿಟಮಿನ್ ಎಯ ಒಂದು ರೂಪವಾದ ರೆಟಿನಾಲ್‌ಗೆ ಸಾಕ್ಷ್ಯ ಗಟ್ಟಿಯಾಗಿದೆ, ಆದರೆ ಅವಸರ ಸಲ್ಲ. ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ತೊಳೆದು ಪೂರ್ತಿ ಒಣಗಿದ ಮೇಲೆ, ಮೊದಲ ತಿಂಗಳು ವಾರಕ್ಕೆ ಎರಡೇ ರಾತ್ರಿ. ಆಮ್ಲ ಹಚ್ಚಿದ ರಾತ್ರಿ ಇದು ಬೇಡ. ಗರ್ಭಿಣಿಯರಿಗೂ ಗರ್ಭಧಾರಣೆಗೆ ಯೋಜಿಸುತ್ತಿರುವವರಿಗೂ ಬೇಡವೇ ಬೇಡ. ಆರಂಭದಲ್ಲಿ ಮೊದಲೇ ಮೊಡವೆ ಬರುತ್ತಿದ್ದ ಜಾಗದಲ್ಲೇ ಇನ್ನಷ್ಟು ಎದ್ದು ನಾಲ್ಕಾರು ವಾರದಲ್ಲಿ ಇಳಿಯುವುದುಂಟು. ತುರಿಕೆ, ಸುಡುವಿಕೆ, ಹಿಂದೆಂದೂ ಬಾರದ ಜಾಗದಲ್ಲಿ ಗುಳ್ಳೆ ಕಂಡರೆ ಅದು ಬೇರೆಯೇ ವಿಷಯ, ನಿಲ್ಲಿಸಬೇಕು.

ರಾತ್ರಿ ಮುಖಕ್ಕೆ ದಪ್ಪಗೆ ಪೆಟ್ರೋಲಿಯಂ ಜೆಲ್ಲಿ ಬಳಿದು ಮಲಗುವ ಪದ್ಧತಿಯಲ್ಲಿ ಹುರುಳಿದೆ. ಚರ್ಮದಿಂದ ನೀರು ಆರುವುದನ್ನು ಇಷ್ಟು ಚೆನ್ನಾಗಿ ತಡೆಯುವ ಅಗ್ಗದ ವಸ್ತು ಇನ್ನೊಂದಿಲ್ಲ. ಬಯಲುಸೀಮೆಯ ಚಳಿಗಾಲದಲ್ಲಿ ಒಡೆದ ತುಟಿ, ಹಿಮ್ಮಡಿ, ಮೊಣಕೈಗೆ ಧಾರಾಳವಾಗಿ ಹಚ್ಚಿ. ಕರಾವಳಿಯ ಸೆಕೆಯಲ್ಲಿ ಮುಖಕ್ಕೆ ಬಳಿದರೆ ಬೆವರು ಕಟ್ಟಿಕೊಂಡು ಬೆವರುಸಾಲೆ ಏಳಬಹುದು. ರೆಟಿನಾಲ್, ಆಮ್ಲ ಅಥವಾ ಸ್ಟೀರಾಯ್ಡ್ ಮುಲಾಮು ಹಚ್ಚಿದ ಮೇಲೆ ಇದನ್ನು ಬಳಿಯಬಾರದು, ಮುಚ್ಚಿದ ಚರ್ಮ ಅವನ್ನು ಹೆಚ್ಚು ಹೀರುತ್ತದೆ. ಜೆಲ್ಲಿಯ ಬದಲು ಕೊಬ್ಬರಿ ಎಣ್ಣೆ ಹಚ್ಚಿದರೆ ಮೊಡವೆ ಬರುವ ಮುಖದಲ್ಲಿ ರಂಧ್ರ ಕಟ್ಟುವ ಸಾಧ್ಯತೆ ಹೆಚ್ಚು. ಕೈಕಾಲಿಗೆ ಅದೇ ಎಣ್ಣೆ ಒಳ್ಳೆಯದೇ.

ದುಡ್ಡು ಒಂದೇ ಒಂದು ವಸ್ತುವಿಗೆ ಎಂದಾದರೆ ಅದು ಸನ್‌ಸ್ಕ್ರೀನ್‌ಗೆ ಹೋಗಲಿ. ಎಸ್‌ಪಿಎಫ್ 30 ಸುಡುವ ಕಿರಣಗಳ ಸುಮಾರು ಶೇ. 97ನ್ನು ತಡೆದರೆ, 50 ತಡೆಯುವುದು ಶೇ. 98ನ್ನು. ಸಂಖ್ಯೆಗಿಂತ ಹಚ್ಚುವ ಪ್ರಮಾಣ ಮುಖ್ಯ. ಪ್ರಯೋಗಾಲಯದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ, ನಾವು ಹಚ್ಚುವುದು ಅದರ ಅರ್ಧವೂ ಇರುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖಕ್ಕೂ ಕತ್ತಿಗೂ ಸಾಲುತ್ತದೆ. ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರು. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಮಾತ್ರ ಅದನ್ನು ಒಂದಷ್ಟು ತಡೆಯುತ್ತದೆ. ಎಣ್ಣೆಗೆ ಜಿಂಕ್ ಪುಡಿ ಬೆರೆಸಿ ಮನೆಯಲ್ಲಿ ಮಾಡುವ ಸನ್‌ಸ್ಕ್ರೀನ್‌ನಲ್ಲಿ ಪುಡಿ ಗಂಟುಕಟ್ಟಿ ನಡುನಡುವೆ ಚರ್ಮ ಬಯಲಾಗಿಯೇ ಉಳಿಯುತ್ತದೆ.

ಯಾವ ಹೊಸ ವಸ್ತುವನ್ನಾದರೂ ಮುಖಕ್ಕೆ ಹಚ್ಚುವ ಮುನ್ನ ಮೊಣಕೈಯ ಒಳಮಡಿಕೆಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ತೊಳೆದು ತೆಗೆಯುವಂಥದ್ದಾದರೆ ಮುಖದ ಮೇಲೆ ಇಡುವಷ್ಟೇ ಹೊತ್ತು ಇಟ್ಟು ತೊಳೆಯಿರಿ. ಒಂದೇ ದಿನದ ಪರೀಕ್ಷೆ ಸಾಲದು, ಅಲರ್ಜಿ ಹಲವು ಸಲ ತಡವಾಗಿ ಏಳುತ್ತದೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು ಇರಲಿ. ಮೂರನ್ನು ಒಟ್ಟಿಗೆ ಆರಂಭಿಸಿ ಮುಖ ಕೆಂಪಾದರೆ ಯಾವುದನ್ನು ದೂರುವುದು? ಹೊರಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಮೂರು ದಿನದಲ್ಲಿ ಮುಖ ಬೆಳಗಿದೆ ಎನ್ನುವ ಚಿತ್ರದಲ್ಲಿ ಬದಲಾಗಿರುವುದು ಬಹುಪಾಲು ಬೆಳಕು.

ಮೂರೇ ದಿನದಲ್ಲಿ ನಿಜವಾಗಿಯೂ ಬೆಳ್ಳಗಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅಷ್ಟು ಬೇಗ ಫಲ ತೋರುವ ಕ್ರೀಮ್‌ನಲ್ಲಿ ಮುಖ್ಯವಾಗಿ ಎರಡು ವಸ್ತುಗಳನ್ನು ಅನುಮಾನಿಸಬೇಕು. ಒಂದು ಸ್ಟೀರಾಯ್ಡ್: ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್. ರಕ್ತನಾಳ ಕುಗ್ಗಿಸಿ, ಉರಿಯೂತ ಅಡಗಿಸಿ ಮೊದಲು ಮುಖ ನಯವಾಗಿಸುತ್ತವೆ. ತಿಂಗಳುಗಳ ಮೇಲೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ, ರೋಮ ಬೆಳೆಯುತ್ತವೆ, ಹಚ್ಚುವುದು ಬಿಟ್ಟರೆ ಮುಖ ಸುಡುತ್ತದೆ. ಆ ಉರಿಗೆ ಮತ್ತೆ ಅದೇ ಕ್ರೀಮ್ ಹಚ್ಚುತ್ತಾರೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಸೇರಿದ ಕ್ರೀಮ್ ಬಂಗಿಗೆ ವೈದ್ಯರು ಕೆಲವೇ ವಾರಕ್ಕೆ ಬರೆದುಕೊಡುವ ಔಷಧ. ಅದನ್ನು ನಮ್ಮಲ್ಲಿ ದಿನನಿತ್ಯದ ಫೇರ್‌ನೆಸ್ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚುವವರಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಅದರ ಗುರುತಾದ ಕೆಂಪು ಗೆರೆ ಇದೆಯೇ ನೋಡಿ.

ಇನ್ನೊಂದು ಪಾದರಸ. ಮೆಲನಿನ್ ತಯಾರಿಸುವ ಕಿಣ್ವವನ್ನು ಅದು ತಡೆಯುತ್ತದೆ, ಹಾಗೆಯೇ ಚರ್ಮದ ಮೂಲಕ ದೇಹಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ವೈದ್ಯರು ದಾಖಲಿಸಿದ ಮೂತ್ರಪಿಂಡ ಕಾಯಿಲೆಯ 22 ಪ್ರಕರಣಗಳಲ್ಲಿ 15 ಒಂದೇ ಅಪರೂಪದ ಬಗೆಯವು. ಆ 15 ಮಂದಿಯಲ್ಲಿ 13 ಮಂದಿ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದರು. ಇಂಥ ಡಬ್ಬಿಗಳ ಮೇಲೆ ಪಾದರಸ ಎಂದು ಬರೆದಿರುವುದು ಅಪರೂಪ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದಿದ್ದರೆ ಕೊಳ್ಳಬೇಡಿ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ ಎಂಬ ಸೂಚನೆ ಇದ್ದರೆ ಅದೇ ಸುಳಿವು, ಪಾದರಸ ಆ ಲೋಹಗಳೊಡನೆ ಕೂಡಿಕೊಳ್ಳುತ್ತದೆ. ಟವೆಲ್, ದಿಂಬಿನ ಮೂಲಕ, ಆವಿಯ ಮೂಲಕ ಮನೆಯ ಮಕ್ಕಳಿಗೂ ಅದು ತಲುಪುತ್ತದೆ.

ಹೆಸರಿಲ್ಲದ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ್ದವರು ಅದನ್ನು ನಿಲ್ಲಿಸಿ, ಡಬ್ಬಿಯನ್ನು ಬಿಸಾಡದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವೈದ್ಯರ ಬಳಿ ಒಯ್ಯಿರಿ. ಕಾಲಿನ ಬಾವು, ನೊರೆಮೂತ್ರ ಇದ್ದರೆ ಅದೇ ದಿನ ಹೋಗಿ. ಇಲ್ಲದಿದ್ದರೂ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ಮಾಡಿಸಿ, ಅದು ಅಗ್ಗ. ಸ್ಟೀರಾಯ್ಡ್ ಎಂದು ಗೊತ್ತಾದ ಕ್ರೀಮ್ ಬಿಡುವಾಗ ಮಾತ್ರ ಮೊದಲು ಚರ್ಮವೈದ್ಯರನ್ನು ಕಾಣಿರಿ. ಹಠಾತ್ತನೆ ಬಿಟ್ಟಾಗ ಏಳುವ ಉರಿಯನ್ನು ತಗ್ಗಿಸಲು ಅವರು ಸೌಮ್ಯವಾದುದಕ್ಕೆ ಬದಲಿಸಿ, ವಾರಗಳ ಅವಧಿಯಲ್ಲಿ ಇಳಿಸುತ್ತಾರೆ.